ಟ್ರ್ಯಾಕ್ಟರಿನ ದುರಸ್ತಿಯೂ ಗೃಹಸ್ಥನ ಜಾಗರೂಕತೆಯೂ

ತುಂಗಭದ್ರೆಯ ಕಾಲುವೆಯಿಂದ ಮಾನ್ವಿಯಲ್ಲಿಯೂ ನಾರಾಯಣಪುರದ ಬಲದಂಡೆ ಕಾಲುವೆಯಿಂದ ದೇವದುರ್ಗದಲ್ಲಿಯೂ ಬತ್ತದ ಬೇಸಾಯವು ಹಬ್ಬಿರುವುದಷ್ಟೆ. ನಾಟಿಯ ಕಾಲದಲ್ಲಿ ಟ್ರ್ಯಾಕ್ಟರು ಕೆಟ್ಟು ನಿಂತರೆ ರೈತನು ರಾಯಚೂರಿನ ಗ್ಯಾರೇಜಿಗೆ ಧಾವಿಸುವನು. ಆತುರಗಾರನಿಂದ ಅಧಿಕ ದ್ರವ್ಯವನ್ನು ಸೆಳೆಯುವುದು ಸುಲಭವು. ಪ್ರಾಮಾಣಿಕರಾದ ಮೇಸ್ತ್ರಿಗಳು ಹಲವರುಂಟು. ಆದರೂ ಗೃಹಸ್ಥನು ಎಚ್ಚರದಿಂದಿರುವುದು ಯುಕ್ತವೆಂದು ನಾವು ಭಾವಿಸುತ್ತೇವೆ.

ವೈದ್ಯಶಾಸ್ತ್ರದಲ್ಲಿ ನಿದಾನವು ಮೊದಲು, ಚಿಕಿತ್ಸೆಯು ಅನಂತರ. ಯಂತ್ರಕ್ಕೂ ಇದೇ ನ್ಯಾಯವು. ಕಪ್ಪು ಹೊಗೆ ಬಂದು ಶಕ್ತಿಯು ಕುಂದಿದೊಡನೆ ಎಂಜಿನನ್ನು ಬಿಚ್ಚಿಸಬಾರದು. ಧೂಳಿನಿಂದ ಗಾಳಿಯ ಫಿಲ್ಟರು ಕಟ್ಟಿದ್ದರೂ ಹಾಗಾಗುವುದು. ಎಂಜಿನು ಅತಿಯಾಗಿ ಕಾದರೆ, ಅದು ತಣಿದ ಮೇಲೆ, ರೇಡಿಯೇಟರಿಗೆ ಹೊಟ್ಟು ಮೆತ್ತಿದೆಯೇ, ನೀರು ಕಡಮೆಯಾಗಿದೆಯೇ, ಬೆಲ್ಟು ಸಡಿಲಾಗಿದೆಯೇ ಎಂದು ನೋಡತಕ್ಕದ್ದು. ಸ್ಟಾರ್ಟ್ ಆಗದಿದ್ದರೆ, ಹೊಸ ಬ್ಯಾಟರಿಯನ್ನು ಕೊಳ್ಳುವ ಮುನ್ನ ಹಳೆಯದರ ತುದಿಗಳಿಗೆ ಹಿಡಿದ ಕಿಲುಬನ್ನು ತೆಗೆದು ಪರೀಕ್ಷಿಸಬೇಕು.

ಗ್ಯಾರೇಜಿನಲ್ಲಿ ಮೊದಲು ಖರ್ಚಿನ ಅಂದಾಜನ್ನು ಬರೆಯಿಸಿಕೊಳ್ಳಬೇಕು. ಕೇಳದೆ ಹೆಚ್ಚಿನ ಕೆಲಸವನ್ನು ಮಾಡಕೂಡದೆಂದು ಹೇಳಬೇಕು. ಬದಲಿಸಿದ ಹಳೆಯ ಭಾಗಗಳನ್ನು ಕೇಳಿ ಪಡೆಯಬೇಕು. ಸಾಮಾನಿನ ಬೆಲೆಯನ್ನೂ ಕೂಲಿಯನ್ನೂ ಬೇರೆಬೇರೆಯಾಗಿ ತೋರಿಸಿದ ರಸೀದಿಯಿಲ್ಲದೆ ಹಣವನ್ನು ಕೊಡಲಾಗದು.

ಇಷ್ಟಾದರೂ ವಂಚನೆಯಾದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ರಾಯಚೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ 2 ವರ್ಷಗಳೊಳಗಾಗಿ ದೂರು ಕೊಡಬಹುದು. ಕೊಟ್ಟ ಹಣವು 5 ಲಕ್ಷ ರೂಪಾಯಿಗಳನ್ನು ಮೀರದಿದ್ದರೆ ಶುಲ್ಕವಿಲ್ಲ. 1915 ಎಂಬ ದೂರವಾಣಿ ಸಂಖ್ಯೆಯಲ್ಲಿ ಸಲಹೆಯೂ ದೊರೆಯುವುದು. ಅಲ್ಲಿ ರಸೀದಿಯೇ ಸಾಕ್ಷಿಯು.

ಬೀಜಗೊಬ್ಬರಕ್ಕೂ ಮಕ್ಕಳ ಓದಿಗೂ ಮೀಸಲಾದ ಹಣವು ಬೇಡದ ದುರಸ್ತಿಗೆ ಹೋಗದಂತೆ ಕಾಯುವುದು ಗೃಹಸ್ಥನ ಧರ್ಮವು.