ಅರ್ಹತಾಧಾರಿತ ಮತಾಧಿಕಾರ

ಅರ್ಹತಾಧಾರಿತ ಮತಾಧಿಕಾರ ಎಂದರೆ ಪೌರತ್ವ ಮತ್ತು ವಯಸ್ಸಿನ ಜೊತೆಗೆ ವಿದ್ಯೆ, ಆಸ್ತಿ, ತೆರಿಗೆ ಪಾವತಿ ಅಥವಾ ವೃತ್ತಿಯಂತಹ ಗಳಿಸಿದ ಯೋಗ್ಯತೆಯನ್ನೂ ಮತದಾನಕ್ಕೆ ಷರತ್ತಾಗಿ ವಿಧಿಸುವ ಪದ್ಧತಿ. ಭಾರತದ ಸಂವಿಧಾನವು ಲೋಕಸಭೆ ಮತ್ತು ವಿಧಾನಸಭೆಗಳ ಚುನಾವಣೆಗಳಲ್ಲಿ ಈ ಪದ್ಧತಿಯನ್ನು ಕೈಬಿಟ್ಟಿದೆ. ಆದರೆ ವಿಧಾನ ಪರಿಷತ್ತಿನ ಪದವೀಧರ ಮತ್ತು ಶಿಕ್ಷಕರ ಕ್ಷೇತ್ರಗಳಲ್ಲಿ ಉಳಿಸಿಕೊಂಡಿದೆ. ಹುಬ್ಬಳ್ಳಿ-ಧಾರವಾಡ ಅವಳಿ ನಗರವು ಅಂತಹ ಎರಡು ಕ್ಷೇತ್ರಗಳ ವ್ಯಾಪ್ತಿಗೆ ಸೇರಿರುವುದರಿಂದ ಇಲ್ಲಿ ಎರಡೂ ಪದ್ಧತಿಗಳು ಜೊತೆಜೊತೆಯಾಗಿ ಜಾರಿಯಲ್ಲಿವೆ.

ಹಿನ್ನೆಲೆ

ಬ್ರಿಟಿಷರ ಆಳ್ವಿಕೆಯಲ್ಲಿ ಹುಬ್ಬಳ್ಳಿ ಮತ್ತು ಧಾರವಾಡಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. 1919 ಮತ್ತು 1935ರ ಭಾರತ ಸರ್ಕಾರ ಕಾಯ್ದೆಗಳ ಅಡಿಯಲ್ಲಿ ಮತಾಧಿಕಾರವು ಮುಖ್ಯವಾಗಿ ಆಸ್ತಿ, ಭೂಕಂದಾಯ ಮತ್ತು ತೆರಿಗೆಯನ್ನು ಅವಲಂಬಿಸಿತ್ತು. 1935ರ ಕಾಯ್ದೆಯು ವಿದ್ಯಾರ್ಹತೆಯನ್ನೂ ಪರಿಗಣಿಸಿ ಮತದಾರರ ಸಂಖ್ಯೆಯನ್ನು ಹೆಚ್ಚಿಸಿತಾದರೂ ವಯಸ್ಕರಲ್ಲಿ ಬಹುಪಾಲು ಜನರು 1937ರ ಪ್ರಾಂತೀಯ ಚುನಾವಣೆಯಿಂದ ಹೊರಗುಳಿದರು. ಗೇಣಿದಾರರು, ಕೂಲಿಕಾರರು ಹಾಗೂ ಮಹಿಳೆಯರಲ್ಲಿ ಹೆಚ್ಚಿನವರು ಹೀಗೆ ಹೊರಗುಳಿದವರಾಗಿದ್ದರು.

ಇದಕ್ಕೆ ಮೊದಲೇ, 1928ರಲ್ಲಿ, ನೆಹರೂ ವರದಿಯು ವಯಸ್ಕ ಮತಾಧಿಕಾರವನ್ನು ಶಿಫಾರಸು ಮಾಡಿತ್ತು. ಡಾ. ಬಿ. ಆರ್. ಅಂಬೇಡ್ಕರ್ ಅವರೂ ಅದೇ ವರ್ಷ ಸೈಮನ್ ಆಯೋಗದ ಮುಂದೆ ಇದೇ ಬೇಡಿಕೆಯನ್ನು ಮಂಡಿಸಿದ್ದರು. ಸಂವಿಧಾನದ 326ನೇ ವಿಧಿಯು ಅದನ್ನು ಅಂಗೀಕರಿಸಿತು. 1951ರ ಜನಗಣತಿಯ ಪ್ರಕಾರ ದೇಶದ ಸಾಕ್ಷರತೆ ಕೇವಲ ಶೇ. 18.33 ಇತ್ತು. ಆದರೂ 1951–52ರ ಮೊದಲ ಮಹಾಚುನಾವಣೆಯಲ್ಲಿ ಸುಮಾರು 17.3 ಕೋಟಿ ಜನರು ಮತದಾರರ ಪಟ್ಟಿಯಲ್ಲಿದ್ದರು. ಓದಲು ಬಾರದವರೂ ಗುರುತಿಸುವಂತೆ ಚಿಹ್ನೆಗಳನ್ನು ಬಳಸಲಾಯಿತು. 61ನೇ ತಿದ್ದುಪಡಿಯು 1989ರಲ್ಲಿ ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿತು.

ವಿಧಾನ ಪರಿಷತ್ತಿನ ಕ್ಷೇತ್ರಗಳು

ಸಂವಿಧಾನದ 171ನೇ ವಿಧಿಯು ವಿಧಾನ ಪರಿಷತ್ತಿನ ಸದಸ್ಯರಲ್ಲಿ ಹನ್ನೆರಡನೇ ಒಂದು ಭಾಗವನ್ನು ಪದವೀಧರರಿಗೂ ಅಷ್ಟೇ ಭಾಗವನ್ನು ಶಿಕ್ಷಕರಿಗೂ ಮೀಸಲಿರಿಸಿದೆ. ಇಲ್ಲಿ ಮೀಸಲಾತಿಯು ಮತದಾರರಿಗೆ ಸಂಬಂಧಿಸಿದ್ದು. ಕರ್ನಾಟಕದ 75 ಸ್ಥಾನಗಳಲ್ಲಿ ಈ ಎರಡು ವರ್ಗಗಳಿಗೆ ತಲಾ 7 ಸ್ಥಾನಗಳಿವೆ. ಕರ್ನಾಟಕ ಪಶ್ಚಿಮ ಪದವೀಧರ ಕ್ಷೇತ್ರ ಮತ್ತು ಕರ್ನಾಟಕ ಪಶ್ಚಿಮ ಶಿಕ್ಷಕರ ಕ್ಷೇತ್ರಗಳು ಧಾರವಾಡ, ಗದಗ, ಹಾವೇರಿ ಮತ್ತು ಉತ್ತರ ಕನ್ನಡ ಜಿಲ್ಲೆಗಳನ್ನು ಒಳಗೊಂಡಿವೆ. ಬಸವರಾಜ ಹೊರಟ್ಟಿಯವರು 1980ರಲ್ಲಿ ಶಿಕ್ಷಕರ ಕ್ಷೇತ್ರದಿಂದ ಮೊದಲ ಬಾರಿಗೆ ಆಯ್ಕೆಯಾದರು. 2022ರಲ್ಲಿ ಎಂಟನೆಯ ಬಾರಿ ಗೆದ್ದರು.

ಪದವೀಧರ ಕ್ಷೇತ್ರದ ಮತದಾರರು ಆ ಕ್ಷೇತ್ರದ ನಿವಾಸಿಗಳಾಗಿರಬೇಕು. ಅರ್ಹತಾ ದಿನಾಂಕಕ್ಕೆ ಕನಿಷ್ಠ 3 ವರ್ಷ ಮೊದಲು ಪದವಿ ಅಥವಾ ತತ್ಸಮಾನ ವಿದ್ಯಾರ್ಹತೆ ಪಡೆದಿರಬೇಕು. ಶಿಕ್ಷಕರ ಕ್ಷೇತ್ರದ ಮತದಾರರು ಹಿಂದಿನ 6 ವರ್ಷಗಳಲ್ಲಿ ಒಟ್ಟು 3 ವರ್ಷವಾದರೂ ಪ್ರೌಢಶಾಲೆ ಅಥವಾ ಅದಕ್ಕಿಂತ ಮೇಲಿನ ಶಿಕ್ಷಣ ಸಂಸ್ಥೆಯಲ್ಲಿ ಬೋಧಿಸಿರಬೇಕು. ವಿಧಾನಸಭೆಯ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಲದು. ಪದವೀಧರರು ನಮೂನೆ 18ರಲ್ಲಿ, ಶಿಕ್ಷಕರು ನಮೂನೆ 19ರಲ್ಲಿ ಪ್ರತ್ಯೇಕವಾಗಿ ಅರ್ಜಿ ಸಲ್ಲಿಸಬೇಕು. ಮತಪತ್ರದಲ್ಲಿ ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ಪ್ರಾಶಸ್ತ್ಯಕ್ರಮವನ್ನು ನಮೂದಿಸಲಾಗುತ್ತದೆ.

ಈ ನಿಯಮಗಳಿಂದಾಗಿ ಹುಬ್ಬಳ್ಳಿಯ ಪ್ರೌಢಶಾಲೆಯೊಂದರ ಪದವೀಧರ ಶಿಕ್ಷಕರು ವಿಧಾನಸಭೆಗೆ ಒಂದು, ಪರಿಷತ್ತಿನ ಎರಡು ಕ್ಷೇತ್ರಗಳಿಗೆ ತಲಾ ಒಂದರಂತೆ ಒಟ್ಟು ಮೂರು ಚುನಾವಣೆಗಳಲ್ಲಿ ಮತ ಚಲಾಯಿಸಬಹುದು. ಪದವಿಯಿಲ್ಲದ ಪ್ರಾಥಮಿಕ ಶಾಲಾ ಶಿಕ್ಷಕರಿಗಾಗಲಿ, ಐಟಿಐ ತರಬೇತಿ ಪಡೆದ ಕಾರ್ಮಿಕರಿಗಾಗಲಿ ಈ ಎರಡು ಕ್ಷೇತ್ರಗಳಲ್ಲಿ ಮತವಿಲ್ಲ. ಅಭ್ಯರ್ಥಿಗೆ ಮಾತ್ರ ಈ ನಿರ್ಬಂಧ ಅನ್ವಯಿಸದು: ಪದವೀಧರ ಕ್ಷೇತ್ರದಿಂದ ಸ್ಪರ್ಧಿಸುವವರು ಪದವೀಧರರೇ ಆಗಿರಬೇಕಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1972ರಲ್ಲಿ ನಾರಾಯಣಸ್ವಾಮಿ ವಿರುದ್ಧ ಪನ್ನೀರ್‌ಸೆಲ್ವಂ ಪ್ರಕರಣದಲ್ಲಿ ತೀರ್ಪು ನೀಡಿತು.

ವಾದ–ಪ್ರತಿವಾದ

ತಿಳಿವಳಿಕೆಯುಳ್ಳ ಮತದಾರರು ವಿವೇಚನೆಯಿಂದ ಆಯ್ಕೆ ಮಾಡುತ್ತಾರೆ ಎಂಬುದು ಅರ್ಹತಾಧಾರಿತ ಪದ್ಧತಿಯ ಪರವಾದ ಮುಖ್ಯ ವಾದ. ಜಾನ್ ಸ್ಟುವರ್ಟ್ ಮಿಲ್ 1861ರಲ್ಲಿ ವಿದ್ಯಾವಂತರಿಗೆ ಹೆಚ್ಚಿನ ಮತಗಳಿರಬೇಕೆಂದು ಪ್ರತಿಪಾದಿಸಿದ್ದನು. ಶಾಸನಗಳನ್ನು ಪುನರ್‌ಪರಿಶೀಲಿಸುವ ಮೇಲ್ಮನೆಗೆ ವಿದ್ಯಾವಂತ ವರ್ಗದ ಪ್ರಾತಿನಿಧ್ಯ ಅಗತ್ಯವೆಂದೂ ವಾದಿಸಲಾಗುತ್ತದೆ.

ಪದವಿಯು ತಿಳಿವಳಿಕೆಗಿಂತ ಹೆಚ್ಚಾಗಿ ಕಲಿಯಲು ದೊರೆತ ಅವಕಾಶವನ್ನು ಅಳೆಯುತ್ತದೆ ಎಂಬುದು ವಿರೋಧಿಗಳ ನಿಲುವು. ಪರಿಷತ್ತು ಅಂಗೀಕರಿಸುವ ಶಾಸನಗಳು ಮತವಿಲ್ಲದವರಿಗೂ ಅನ್ವಯಿಸುತ್ತವೆ. ಓದಲು ಅವಕಾಶ ಸಿಗದವರೇ ಮತವನ್ನೂ ಕಳೆದುಕೊಂಡರೆ ಶಾಲೆ ಬೇಕೆಂದು ಕೇಳುವ ಬಲವೂ ಅವರಿಗಿರುವುದಿಲ್ಲ. ಪದವೀಧರ ಕ್ಷೇತ್ರಗಳ ಎಣಿಕೆಯಲ್ಲಿಯೂ ತಪ್ಪಾಗಿ ಗುರುತು ಮಾಡಿದ ಮತಪತ್ರಗಳು ತಿರಸ್ಕೃತವಾಗುವುದುಂಟು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಸಾಕ್ಷರತಾ ಪರೀಕ್ಷೆಗಳನ್ನು ಕಪ್ಪುಜನರನ್ನು ಹೊರಗಿಡಲು ಬಳಸಲಾಗಿತ್ತು. 1965ರ ಮತದಾನ ಹಕ್ಕುಗಳ ಕಾಯ್ದೆಯು ಅದನ್ನು ತಡೆಯಿತು. ಬ್ರಿಟನ್ನಿನಲ್ಲಿ ಪದವೀಧರರು ಹೆಚ್ಚುವರಿ ಮತ ನೀಡುತ್ತಿದ್ದ ವಿಶ್ವವಿದ್ಯಾಲಯ ಕ್ಷೇತ್ರಗಳನ್ನು 1948ರ ಕಾಯ್ದೆಯು ರದ್ದುಗೊಳಿಸಿತು.

ಅಭ್ಯರ್ಥಿಗಳ ವಿದ್ಯಾರ್ಹತೆ

ಮತದಾರರ ಬದಲು ಅಭ್ಯರ್ಥಿಗಳಿಗೆ ವಿದ್ಯಾರ್ಹತೆ ವಿಧಿಸಿದ ಉದಾಹರಣೆಗಳೂ ಇವೆ. ಹರಿಯಾಣವು ಪಂಚಾಯಿತಿ ಚುನಾವಣೆಗೆ ತಂದ ಇಂತಹ ನಿಯಮವನ್ನು ಸರ್ವೋಚ್ಚ ನ್ಯಾಯಾಲಯವು 2015ರ ರಾಜಬಾಲಾ ಪ್ರಕರಣದಲ್ಲಿ ಎತ್ತಿಹಿಡಿಯಿತು. ರಾಜಸ್ಥಾನವು ಇಂಥದೇ ನಿಯಮವನ್ನು 2019ರಲ್ಲಿ ಹಿಂತೆಗೆದುಕೊಂಡಿತು.