ಸ್ಟಿಕೀನ್ ನದಿಯಲ್ಲಿ ನೀಲಿ ಮಂಜಿನ ಬೆನ್ನೇರಿ

ಅಲಾಸ್ಕಾದ ಆಗ್ನೇಯ ಅಂಚಿನಲ್ಲಿ ರಾಂಗೆಲ್ ಎಂಬ ದ್ವೀಪದ ಊರಿದೆ. ಸುಮಾರು 2 ಸಾವಿರ ಜನ. ಹೊರಗಿನಿಂದ ಇಲ್ಲಿಗೆ ರಸ್ತೆಯೇ ಇಲ್ಲ. ವಿಮಾನದಲ್ಲಿ ಬರಬೇಕು, ಇಲ್ಲವೇ ಹಡಗಿನಲ್ಲಿ. ಊರಿನ ಹತ್ತಿರವೇ ಸ್ಟಿಕೀನ್ ನದಿ ಸಮುದ್ರ ಸೇರುತ್ತದೆ. ಕೆನಡಾದ ಬೆಟ್ಟಗಳಲ್ಲಿ ಹುಟ್ಟಿ ಸುಮಾರು 600 ಕಿ.ಮೀ. ಹರಿಯುವ ಈ ನದಿಯ ಕೊನೆಯ ಭಾಗ ಮಾತ್ರ ಅಲಾಸ್ಕಾದಲ್ಲಿದೆ. ಅಲ್ಲಿ ಎರಡೂ ದಡದ ಕಾಡನ್ನು 1980ರಲ್ಲಿ ಸಂರಕ್ಷಿತ ವನ್ಯಪ್ರದೇಶವೆಂದು ಘೋಷಿಸಲಾಗಿದೆ. ನದಿಯೇ ಅಲ್ಲಿನ ಹೆದ್ದಾರಿ.

ಸಿಯಾಟಲ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಮೊಮ್ಮಗನ ಬೇಸಿಗೆ ರಜೆಯಲ್ಲಿ ನಾವೆಲ್ಲ ಈ ನದಿ ನೋಡಲು ಹೊರಟೆವು. ಜುಲೈ ತಿಂಗಳಾದರೂ ಸ್ವೆಟರ್, ಅದರ ಮೇಲೆ ಮಳೆಯಂಗಿ, ಅದರ ಮೇಲೆ ಲೈಫ್ ಜಾಕೆಟ್!

ಫ್ಯಾನಿಲ್ಲದ ದೋಣಿ

ಸ್ಟಿಕೀನ್ ಆಳವಿಲ್ಲದ ನದಿ. ಇಂದು ನೀರಿದ್ದಲ್ಲಿ ನಾಳೆ ಮರಳ ದಿಬ್ಬ. ಕೆಳಗೆ ಫ್ಯಾನ್ ತಿರುಗುವ ಮಾಮೂಲಿ ದೋಣಿ ಇಲ್ಲಿ ನೆಲಕ್ಕೆ ತಾಗಿ ಮುರಿದೀತು. ಅದಕ್ಕೇ ಇಲ್ಲಿ ಜೆಟ್ ಬೋಟ್. ಇದರ ಪಂಪು ತಳದಿಂದ ನೀರನ್ನು ಹೀರಿ, ಹಿಂದಿನ ಕೊಳವೆಯಿಂದ ರಭಸವಾಗಿ ಚಿಮ್ಮಿಸುತ್ತದೆ. ನೀರು ಹಿಂದಕ್ಕೆ, ದೋಣಿ ಮುಂದಕ್ಕೆ. ಗಾಳಿ ತುಂಬಿದ ಬಲೂನನ್ನು ಬಿಟ್ಟಾಗ ಆಗುವುದೂ ಇದೇ. ನ್ಯೂಜಿಲೆಂಡ್‌ನ ಬಿಲ್ ಹ್ಯಾಮಿಲ್ಟನ್ ತಮ್ಮ ದೇಶದ ಇಂಥದೇ ನದಿಗಳಿಗಾಗಿ 1950ರ ದಶಕದಲ್ಲಿ ಇದನ್ನು ರೂಪಿಸಿದರು.

ನದೀಮುಖದ ಕೆಸರು ಬಯಲನ್ನು ದಾಟಲು ಭರತದ ನೀರು ಬೇಕು. ಹಾಗಾಗಿ ಹೊರಡುವ ಹೊತ್ತನ್ನು ನಿರ್ಧರಿಸಿದ್ದು ಗಡಿಯಾರವಲ್ಲ, ಸಮುದ್ರ.

"ಅಜ್ಜೀ, ಈ ನೀರು ಹಾಲು ಬೆರೆಸಿದ ಚಹಾದ ಹಾಗಿದೆ!" ಎಂದ ಮೊಮ್ಮಗ. ನಿಜ. ಹಿಮನದಿಗಳು ಜಾರುತ್ತ ತಳದ ಬಂಡೆಯನ್ನು ಬೀಸುಕಲ್ಲಿನಂತೆ ಅರೆಯುತ್ತವೆ. ಆ ನುಣ್ಣನೆಯ ಕಲ್ಲಿನ ಹಿಟ್ಟು ನೀರಿನಲ್ಲಿ ತೇಲುತ್ತ ಬರುತ್ತದೆ.

ಹದ್ದು, ಮೀನು, ಮೂಸ್

ದಡದ ಎತ್ತರದ ಮರಗಳಲ್ಲಿ ಬಿಳಿತಲೆಯ ಹದ್ದುಗಳು ಕುಳಿತಿದ್ದವು. ಪಕ್ಕದಲ್ಲೇ ಪೂರ್ತಿ ಕಂದುಬಣ್ಣದ್ದೊಂದಿತ್ತು. ಅದು ಬೇರೆ ಜಾತಿಯಲ್ಲ, ಮರಿ. ತಲೆ ಬೆಳ್ಳಗಾಗಲು ನಾಲ್ಕೈದು ವರ್ಷ ಬೇಕು. ಏಪ್ರಿಲ್‌ನಲ್ಲಿ ಬಂದರೆ ಇಲ್ಲಿ ಹದ್ದುಗಳ ಜಾತ್ರೆಯೇ ನೆರೆದಿರುತ್ತದೆಯಂತೆ. ಕಾರಣ, ಯೂಲಕಾನ್ ಎಂಬ ಪುಟ್ಟ ಮೀನು ಆಗ ಸಮುದ್ರದಿಂದ ನದಿಗೆ ಬರುತ್ತದೆ. ಅದರಲ್ಲಿ ಎಷ್ಟು ಎಣ್ಣೆಯೆಂದರೆ, ಒಣಗಿಸಿ ಬತ್ತಿ ಪೋಣಿಸಿದರೆ ಮೇಣದಬತ್ತಿಯಂತೆ ಉರಿಯುತ್ತದೆ!

ಸಾಲ್ಮನ್ ಮೀನನ್ನು ಅಟ್ಟಿಕೊಂಡು ಸಮುದ್ರದ ಸೀಲ್‌ಗಳೂ ನದಿಯೊಳಗೆ ಬರುತ್ತವೆ. ಒಂದರ ದುಂಡು ತಲೆ ನಮ್ಮನ್ನು ನೋಡಿ ಮುಳುಗಿತು. ತಿರುವಿನಲ್ಲಿ ತಾಯಿ ಮೂಸ್ ಮೊಣಕಾಲುದ್ದ ನೀರಿನಲ್ಲಿ ನಿಂತಿತ್ತು, ಹಿಂದೆ ಕರು. ಚಾಲಕ ತಕ್ಷಣ ವೇಗ ತಗ್ಗಿಸಿ ದೂರದಿಂದಲೇ ಸಾಗಿದರು. ಕರುವಿದ್ದ ಮೂಸ್ ಕರಡಿಯಷ್ಟೇ ಅಪಾಯಕಾರಿ. ಕರಡಿ ಮಾತ್ರ ಕಾಣಿಸಲಿಲ್ಲ. ಮರಳಿನ ಮೇಲೆ ಅದರ ಹೆಜ್ಜೆಗುರುತು ಕಂಡಿತು.

ಮಂಜಿನ ಅಂಗಳ

ಮುಖ್ಯ ನದಿಯಿಂದ ಕಿರುತೊರೆಗೆ ತಿರುಗಿ ಶೇಕ್ಸ್ ಸರೋವರ ಸೇರಿದೆವು. ಇಲ್ಲಿನ ಮೂಲನಿವಾಸಿಗಳಾದ ಟ್ಲಿಂಗಿಟ್ ಜನರ ನಾಯಕರಿಗೆ ತಲೆಮಾರುಗಳಿಂದ ಬಂದ ಹೆಸರು ಶೇಕ್ಸ್. ಎರಡೂ ಕಡೆ ಕಡಿದಾದ ಬಂಡೆಗೋಡೆ, ಅದರ ಮೇಲೆ ಹಿಂಡಿದ ಹತ್ತಿಯಂತೆ ಬೆಟ್ಟದ ಮೇಕೆಗಳು. ನೀರಿನಲ್ಲಿ ತೇಲುವ ಮಂಜುಗಡ್ಡೆಗಳು. ಕೆಲವು ಕಾರಿನಷ್ಟು, ಕೆಲವು ಮನೆಯಷ್ಟು.

"ಮಂಜು ಬೆಳ್ಳಗಿರಬೇಕಲ್ವಾ ಅಜ್ಜಿ? ಇದ್ಯಾಕೆ ನೀಲಿ?"

ವರ್ಷಾನುಗಟ್ಟಲೆ ಹಿಮದ ಮೇಲೆ ಹಿಮ ಬಿದ್ದು, ಭಾರಕ್ಕೆ ಒಳಗಿನ ಗಾಳಿಗುಳ್ಳೆಗಳು ಹೊರಬಿದ್ದು ಮಂಜು ಗಟ್ಟಿಯಾಗುತ್ತದೆ. ಅಂಥ ಮಂಜು ಬೆಳಕಿನ ಕೆಂಪನ್ನು ನುಂಗಿ ನೀಲಿಯನ್ನು ಉಳಿಸುತ್ತದೆ.

ಅಷ್ಟರಲ್ಲಿ ದೂರದ ಒಂದು ಗಡ್ಡೆ ನಿಧಾನವಾಗಿ ವಾಲಿ, ದಡಬಡನೆ ಮಗುಚಿಕೊಂಡಿತು. ಅಲೆ ಬಂದು ದೋಣಿಯನ್ನು ತೂಗಿತು. ಗಡ್ಡೆಯ ಹತ್ತರಲ್ಲಿ ಒಂಬತ್ತು ಪಾಲು ನೀರಿನೊಳಗೇ ಇರುತ್ತದೆ. ಕರಗಿದಂತೆ ತೂಕ ತಪ್ಪಿ ಉರುಳುತ್ತದೆ. ಅದಕ್ಕೇ ಯಾವ ಚಾಲಕರೂ ಹತ್ತಿರ ಹೋಗುವುದಿಲ್ಲ.

ಸರೋವರದ ತುದಿಯಲ್ಲಿ ಶೇಕ್ಸ್ ಹಿಮನದಿ. ಅದರ ಪಕ್ಕದ ಬಂಡೆ ಮೇಲ್ಗಡೆ ಹಸಿರು, ಕೆಳಗಡೆ ಬೋಳು. ಆ ಬೋಳು ಭಾಗವನ್ನು ಚಾಲಕರು ಬೆರಳು ಮಾಡಿ ತೋರಿಸಿದರು: ಅಲ್ಲಿಯವರೆಗೂ ಮೊದಲು ಮಂಜಿತ್ತು. ನಾವು ತೇಲುತ್ತಿದ್ದ ಜಾಗವೂ ಹಿಂದೊಮ್ಮೆ ಹಿಮನದಿಯೇ. ಭೂಮಿ ಬಿಸಿಯಾದಂತೆ ಅದು ಹಿಂದೆ ಸರಿಯುತ್ತಿದೆ. ಬೇಸಿಗೆಯಲ್ಲಿ ನದಿಗೆ ತಂಪು ನೀರು ಕೊಡುವುದು ಈ ಮಂಜು. ಸಾಲ್ಮನ್‌ಗೆ ತಂಪು ನೀರೇ ಬೇಕು. ಹದ್ದು, ಕರಡಿ, ಸೀಲ್, ಮನುಷ್ಯ, ಎಲ್ಲರಿಗೂ ಸಾಲ್ಮನ್ ಬೇಕು.

"ನಾನು ದೊಡ್ಡವನಾದ ಮೇಲೆ ಬಂದರೆ ಇದು ಇರುತ್ತಾ?" ಎಂದ ಮೊಮ್ಮಗ. "ಇರುತ್ತೆ ಮರಿ, ಆದರೆ ಇನ್ನೂ ದೂರದಲ್ಲಿ" ಎಂದರು ಚಾಲಕರ ಮಾತನ್ನು ಕೇಳಿ ನಮ್ಮ ಅಳಿಯ. ಹುಡುಗ ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ.

ಮಕ್ಕಳದೇ ಗಣಿ

ಊರಿನ ಹಡಗುಕಟ್ಟೆಯಲ್ಲಿ ಮಕ್ಕಳು ಮೇಜು ಹಾಕಿಕೊಂಡು ಕಡುಗೆಂಪು ಗಾರ್ನೆಟ್ ಹರಳು ಮಾರುತ್ತಿದ್ದರು. ನದೀಮುಖದ ಬಳಿಯ ಗಾರ್ನೆಟ್ ಬಂಡೆಯನ್ನು ಅದರ ಒಡೆಯರು 1962ರಲ್ಲಿ ರಾಂಗೆಲ್‌ನ ಮಕ್ಕಳಿಗೆ ಉಪಯೋಗವಾಗಲೆಂದು ಬಾಯ್ ಸ್ಕೌಟ್ಸ್‌ಗೆ ಕೊಟ್ಟರು. ಅಂದಿನಿಂದ ಸುತ್ತಿಗೆ, ಉಳಿ ಹಿಡಿದು ಹರಳು ಬಿಡಿಸುವುದು ಈ ಊರಿನ ಮಕ್ಕಳ ಕೆಲಸ. ಮೊಮ್ಮಗ ತನ್ನ ಕೈಖರ್ಚಿನ ದುಡ್ಡಿನಲ್ಲಿ ಒಂದು ಹರಳು ಕೊಂಡ. ಮಾರಿದ ಹುಡುಗಿ ಅವನಿಗಿಂತ ಚಿಕ್ಕವಳು. ಚಿಲ್ಲರೆಯನ್ನು ಎರಡು ಸಲ ಎಣಿಸಿ ಕೊಟ್ಟಳು.