ಸೋರುವ ದೋಣಿ, ಕಾಣದ ಪೊರೆ

ಅಲ್ಯೂಮಿನಿಯಂ ದೋಣಿ ಸೋರುತ್ತಿದೆ ಎಂದು ಗೊತ್ತಾದಾಗ ಮಾಡುವ ಮೊದಲ ಕೆಲಸ ನೋಡುವವರಿಗೆ ವಿಚಿತ್ರ ಅನ್ನಿಸುತ್ತದೆ. ಅದನ್ನು ದಡಕ್ಕೆ ಎಳೆದು, ತಳಕ್ಕೆ ಗಟ್ಟಿಯಾದ ಆಸರೆ ಕೊಟ್ಟು, ಒಳಗೆ ನೀರು ಸುರಿಯಬೇಕು. ಹೊರಗಿನ ನೀರು ಒಳಗೆ ಬಂದ ದಾರಿಯಲ್ಲೇ ಒಳಗಿನ ನೀರೂ ಹೊರಗೆ ಹೋಗುತ್ತದೆ. ನಾಲ್ಕು ಬೆರಳು ಆಳದಷ್ಟು ನೀರು ಸಾಕು. ಹೆಚ್ಚಾದರೆ ಆ ಭಾರಕ್ಕೇ ತಳ ಬಾಗೀತು. ಹೊರಮೈಯನ್ನು ಒಣಬಟ್ಟೆಯಿಂದ ಒರೆಸಿ ಟಾರ್ಚ್ ಬಿಟ್ಟು ಕಾಯುತ್ತಾ ಕೂತರೆ, ಸ್ವಲ್ಪ ಹೊತ್ತಿಗೆ ತಗಡುಗಳನ್ನು ಬಿಗಿದಿಟ್ಟ ಒಂದು ರಿವೆಟ್ಟಿನ ತಲೆಯ ಸುತ್ತ ಬೆವರಿನಂತೆ ಹನಿ ಮೂಡುತ್ತದೆ. ಆಮೇಲೆ ಅದರ ಪಕ್ಕದ್ದರಲ್ಲಿ. ಒಂದೊಂದಕ್ಕೂ ಮಾರ್ಕರಿನಿಂದ ಸುತ್ತು ಹಾಕಿಕೊಳ್ಳುತ್ತಾ ಹೋಗಬೇಕು.

ಇಷ್ಟೊಂದು ರಿವೆಟ್ ಯಾಕೆ? ಯಾಕೆಂದರೆ ಈ ದೋಣಿಗಳ ತವರು ವಿಮಾನದ ಕಾರ್ಖಾನೆ. ಯುದ್ಧವಿಮಾನ ತಯಾರಿಸುತ್ತಿದ್ದ ಗ್ರಮ್ಮನ್ ಕಂಪನಿಯ ವಿಲಿಯಂ ಹಾಫ್‌ಮನ್ 1944ರಲ್ಲಿ ನ್ಯೂಯಾರ್ಕ್ ರಾಜ್ಯದ ಆಡಿರಾಂಡಾಕ್ ಬೆಟ್ಟಗಳಿಗೆ ಹೋಗಿದ್ದರು. ಅಲ್ಲಿ ಒಂದು ಕೆರೆಯಿಂದ ಇನ್ನೊಂದಕ್ಕೆ ದೋಣಿಯನ್ನು ಹೊತ್ತೇ ಸಾಗಬೇಕು. ಮರದ ಮೇಲೆ ಕ್ಯಾನ್ವಾಸ್ ಹೊದಿಸಿದ ಆ ಭಾರದ ದೋಣಿಯನ್ನು ಹೊತ್ತು ಸಾಕಾದಾಗ, ವಿಮಾನಕ್ಕೆ ಬಳಸುವ ಲೋಹದಲ್ಲೇ ದೋಣಿ ಮಾಡಿದರೆ ಹೇಗೆ ಎಂದು ಅವರಿಗೆ ಹೊಳೆಯಿತು. ಮರುವರ್ಷವೇ ಅಲ್ಯೂಮಿನಿಯಂ ದೋಣಿ ಸಿದ್ಧವಾಯಿತು. ವಿಮಾನದ ಹಾಗೆಯೇ ತಗಡಿಗೆ ತಗಡು ಸೇರಿಸಿ, ಸಾಲಾಗಿ ರಿವೆಟ್ ಹೊಡೆದು ಕಟ್ಟಿದ್ದು. ಅಮೆರಿಕದ ಕೆರೆದಂಡೆಗಳಲ್ಲಿ ಅಂಥ ಹಳೆಯ ದೋಣಿಗಳು ಇವತ್ತಿಗೂ ನೀರಿಗಿಳಿಯುತ್ತವೆ, ಅಲ್ಲಲ್ಲಿ ಜಿನುಗುತ್ತವೆ. ಬೆಸುಗೆ ಹಾಕಿಸುವುದೋ, ಎಪಾಕ್ಸಿ ಮೆತ್ತುವುದೋ ಎಂಬ ವಾದ ಶುರುವಾಗುವುದು ಅಲ್ಲಿ.

ಈ ವಾದಕ್ಕಿಳಿಯುವವರು ಅಲ್ಯೂಮಿನಿಯಮ್ಮಿನ ಪೊರೆಯನ್ನು ಮೊದಲು ತಿಳಿದುಕೊಳ್ಳಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಈ ಲೋಹವನ್ನು ಎಲ್ಲಿ ಗೀರಿದರೂ ಗಾಳಿ ತಾಕಿದ ಕ್ಷಣದಲ್ಲೇ ಅದರ ಮೇಲೆ ಆಕ್ಸೈಡಿನ ಪದರ ಕಟ್ಟಿಕೊಳ್ಳುತ್ತದೆ. ದಪ್ಪ ಕೆಲವೇ ನ್ಯಾನೋಮೀಟರ್. ಕೂದಲೆಳೆಯ ಸಾವಿರಾರು ಪಾಲಿನಲ್ಲಿ ಒಂದು ಪಾಲು. ಕಬ್ಬಿಣದ ತುಕ್ಕಿನ ಹಾಗೆ ಇದು ಉದುರುವುದಿಲ್ಲ, ಒಳಗಿನ ಲೋಹವನ್ನು ಬಿಗಿಯಾಗಿ ಮುಚ್ಚಿಕೊಂಡು ಕಾಯುತ್ತದೆ. ದಶಕಗಟ್ಟಲೆ ಬಣ್ಣವಿಲ್ಲದೆ ದೋಣಿ ನೀರಿನಲ್ಲಿ ಬಾಳುವುದು ಇದರ ಪುಣ್ಯದಿಂದ. ರಿಪೇರಿಗೆ ಕೈ ಹಾಕಿದಾಗ ಅಡ್ಡ ಬರುವುದೂ ಇದೇ.

ಬೆಸುಗೆಯನ್ನೇ ತೆಗೆದುಕೊಳ್ಳಿ. ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಅದರ ಪೊರೆ ಕರಗಲು 2,000 ಡಿಗ್ರಿಗೂ ಹೆಚ್ಚು ಬೇಕು. ಒಳಗೆ ಲೋಹ ನೀರಾಗಿದ್ದರೂ ಮೇಲೆ ಪೊರೆ ಚೀಲದ ಹಾಗೆ ಹಿಡಿದುಕೊಂಡಿರುತ್ತದೆ, ಎರಡು ಅಂಚುಗಳು ಬೆರೆಯುವುದೇ ಇಲ್ಲ. ಅದಕ್ಕೇ ಟಿಗ್ ಎಂಬ ಬಗೆಯ ವೆಲ್ಡಿಂಗ್‌ನಲ್ಲಿ ದಿಕ್ಕು ಬದಲಿಸುತ್ತಿರುವ ಎ.ಸಿ. ವಿದ್ಯುತ್ ಬಳಸುತ್ತಾರೆ: ಒಂದು ದಿಕ್ಕಿನಲ್ಲಿ ಹರಿದಾಗ ಪೊರೆ ಸಿಡಿದು ಚದುರುತ್ತದೆ, ಇನ್ನೊಂದು ದಿಕ್ಕಿನಲ್ಲಿ ಲೋಹ ಕರಗುತ್ತದೆ. ಪೊರೆ ಮತ್ತೆ ಕಟ್ಟದಂತೆ ಸುತ್ತ ಆರ್ಗಾನ್ ಅನಿಲ ಹಾಯಿಸುತ್ತಾರೆ. ಅಷ್ಟಾದರೂ ಕಷ್ಟ ಮುಗಿಯಲಿಲ್ಲ. ಅಲ್ಯೂಮಿನಿಯಂ ಕಬ್ಬಿಣದಂತೆ ಕೆಂಪಗೆ ಕಾದು ಎಚ್ಚರಿಸುವುದಿಲ್ಲ. ಹೊಳೆಯುತ್ತಾ ಇದ್ದದ್ದು ಒಮ್ಮೆಲೇ ಕುಸಿದು ತೂತಾಗುತ್ತದೆ. ಮಿಲಿಮೀಟರ್ ಲೆಕ್ಕದ ತೆಳುತಗಡಿನಲ್ಲಿ ಇದು ಕ್ಷಣದ ಮಾತು.

ಎಲ್ಲಕ್ಕಿಂತ ಕೇಡು, ಶಾಖ ಒಂದೇ ಕಡೆ ನಿಲ್ಲದೆ ಹರಡುವುದು. ಸಾದಾ ಉಕ್ಕಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗವಾಗಿ ಈ ಲೋಹ ಶಾಖ ಸಾಗಿಸುತ್ತದೆ. ಒಂದು ರಿವೆಟ್ಟಿಗೆ ಬೆಸುಗೆ ಹಾಕಿದರೆ ತಗಡು ಹಿಗ್ಗಿ ಕುಗ್ಗಿ ಪಕ್ಕದ ರಿವೆಟ್ಟುಗಳು ಸಡಿಲವಾಗುತ್ತವೆ, ಜೋಡಣೆಯ ನಡುವಿನ ಹಳೆಯ ಅಂಟು ಸುಟ್ಟು ಹೊಗೆಯಾಗಿ ಬೆಸುಗೆಯಲ್ಲೇ ಗುಳ್ಳೆ ಬಿಡುತ್ತದೆ. ಒಂದನ್ನು ಮುಚ್ಚಿಸಿಕೊಂಡು ಬಂದವರು ನಾಲ್ಕು ಹೊಸ ಹನಿ ಕಾಣುವುದು ಹೀಗೆ. ಆಸನದ ಕೆಳಗೆ ತೇಲಲೆಂದು ಫೋಮ್ ತುಂಬಿದ್ದರೆ ಬೆಂಕಿಯ ಅಪಾಯ ಬೇರೆ. ಅದರ ಹೊಗೆ ಪ್ರಾಣಕ್ಕೇ ಕುತ್ತು.

ಹಾಗಾದರೆ ಎಪಾಕ್ಸಿ? ನಮ್ಮ ಮನೆಗಳಲ್ಲಿ ಸೋರುವ ನಲ್ಲಿಗೆ ಎರಡು ಉಂಡೆ ನಾದಿ ಮೆತ್ತುವ ಎಂ-ಸೀಲ್ ಇದೇ ವಂಶದ್ದು. ಇಲ್ಲೂ ಪೊರೆಯದೇ ತಕರಾರು. ಉಜ್ಜದೆ ಹಚ್ಚಿದರೆ ಎಪಾಕ್ಸಿ ಹಿಡಿಯುವುದು ಲೋಹವನ್ನಲ್ಲ, ಮೇಲಿನ ಕೊಳೆಯನ್ನು, ನೀರಿನಲ್ಲಿ ನೆನೆದ ಹಳೆಯ ಪೊರೆಯನ್ನು. ಒಂದು ಋತು ಕಳೆಯುವಷ್ಟರಲ್ಲಿ ಹಪ್ಪಳದಂತೆ ಎದ್ದು ಬರುತ್ತದೆ. ಬಲ್ಲವರ ಕ್ರಮವೇ ಬೇರೆ. ಜಿಡ್ಡು ತೆಗೆದು, ಸ್ಯಾಂಡ್‌ಪೇಪರಿನಿಂದ ಉಜ್ಜಿ, ತೆಳುವಾಗಿ ಎಪಾಕ್ಸಿ ಹಚ್ಚುತ್ತಾರೆ. ಅದು ಇನ್ನೂ ಹಸಿಯಾಗಿದ್ದಾಗಲೇ ಸ್ಟೇನ್‌ಲೆಸ್ ಸ್ಟೀಲ್ ಬ್ರಷ್ಷಿನಿಂದ, ಆ ಅಂಟಿನೊಳಗೇ, ಲೋಹವನ್ನು ಮತ್ತೆ ತಿಕ್ಕುತ್ತಾರೆ. ಹೊಸದಾಗಿ ತೆರೆದುಕೊಂಡ ಲೋಹಕ್ಕೆ ಗಾಳಿ ಸಿಗುವುದಿಲ್ಲ, ಸಿಗುವುದು ಅಂಟು ಮಾತ್ರ. ಇಷ್ಟು ಸರಳವಾಗಿ ರಸಾಯನಶಾಸ್ತ್ರವನ್ನು ಗೆಲ್ಲುವ ಕೈಕೆಲಸ ನೋಡಿದಾಗಲೆಲ್ಲ ನನಗೆ ಖುಷಿಯಾಗುತ್ತದೆ. ಹಚ್ಚುವುದು ಹೊರಮೈಗಾದರೆ ಒಳ್ಳೆಯದು: ಅಲ್ಲಿ ನೀರು ಅಂಟನ್ನು ಲೋಹಕ್ಕೆ ಒತ್ತುತ್ತದೆ, ಒಳಗೆ ಹಚ್ಚಿದ್ದನ್ನು ಕಿತ್ತು ಎಬ್ಬಿಸಲು ನೋಡುತ್ತದೆ.

ಆದರೂ ಗಟ್ಟಿಯಾದ ಎಪಾಕ್ಸಿ ಹೆಚ್ಚು ಬಾಗಲಾರದು. ಅಲೆಗೆ ಮಿಡಿಯುವ ತಗಡಿನ ಮೇಲೆ ಅದು ಬಿರಿಯುತ್ತದೆ. ಉಪ್ಪುನೀರು ಕೊರೆದ ಸಣ್ಣ ಗುಳಿಗಳಿಗೆ ಅದು ಹೇಳಿಮಾಡಿಸಿದ್ದು; ಬಿರುಕಿಗೆ ಅಲ್ಲ. ಅಲ್ಯೂಮಿನಿಯಂ ದಣಿವನ್ನು ಮರೆಯದ ಲೋಹ. ಒಂದು ಮಿತಿಯೊಳಗಿನ ಒತ್ತಡವನ್ನು ಉಕ್ಕು ಎಷ್ಟು ಸಲ ಬೇಕಾದರೂ ತಾಳೀತು. ಅಲ್ಯೂಮಿನಿಯಮ್ಮಿಗೆ ಅಂಥ ಮಿತಿ ಇಲ್ಲ, ಸಣ್ಣ ಮಿಡಿತವೂ ಲೆಕ್ಕಕ್ಕೆ ಸೇರುತ್ತದೆ. ಅಂಟಿನ ಅಡಿಯಲ್ಲಿ ಬಿರುಕು ಸದ್ದಿಲ್ಲದೆ ಬೆಳೆಯುತ್ತಿರುತ್ತದೆ. ಅದರ ಎರಡೂ ತುದಿಗೆ ಸಣ್ಣ ತೂತು ಕೊರೆದು ಓಟ ನಿಲ್ಲಿಸಿ, ಆಮೇಲೆ ಪಳಗಿದವರಿಂದ ಬೆಸುಗೆ ಹಾಕಿಸಬೇಕು, ಇಲ್ಲವೇ ಅದೇ ಲೋಹದ ತೇಪೆ ಕೂರಿಸಿ ರಿವೆಟ್ ಹೊಡೆಯಬೇಕು.

ಮಾರ್ಕರಿನಿಂದ ಸುತ್ತು ಹಾಕಿದ ಆ ರಿವೆಟ್ಟುಗಳಿಗೆ ಮೊದಲು ಬೇಕಾದದ್ದು ಬೆಸುಗೆಯೂ ಅಲ್ಲ, ಅಂಟೂ ಅಲ್ಲ. ಇಬ್ಬರು ಬೇಕು. ಹೊರಗಿನವರು ರಿವೆಟ್ಟಿನ ತಲೆಗೆ ಭಾರದ ಕಬ್ಬಿಣದ ತುಂಡು ಒತ್ತಿ ಹಿಡಿಯಬೇಕು, ಒಳಗಿನವರು ಬಾಲದ ಮೇಲೆ ಸುತ್ತಿಗೆಯಿಂದ ನಾಲ್ಕಾರು ಏಟು ಕೊಡಬೇಕು. ಬಿಗಿಯಾಗಿದೆಯೇ ಎಂದು ತಿಳಿಯಲು ಹೊರಗಿನವರು ಕಬ್ಬಿಣ ತೆಗೆದು ತಲೆಯ ಅಂಚಿನ ಮೇಲೆ ಬೆರಳಿಟ್ಟರೆ ಸಾಕು. ಒಳಗಿನಿಂದ ಮೆಲ್ಲಗೆ ತಟ್ಟಿದಾಗ ಸಡಿಲವಾದದ್ದು ಬೆರಳಿನ ಕೆಳಗೆ ಅಲುಗುತ್ತದೆ.